ಅಮ್ಮ ರಾತ್ರಿ ಚಳಿಯಲ್ಲಿ ನಡೆಯದಿರಲಿ ಅಂತ ಟ್ಯಾಂಕಿನ ಮೀಟರ್ ಬದಲಾಯಿಸಿದೆ

ಕಳೆದ ಅಕ್ಟೋಬರ್‌ನಲ್ಲಿ ಅಮ್ಮ ಅರಸೀಕೆರೆಯಿಂದ ಅಮೆರಿಕದ ಫೀನಿಕ್ಸ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಬೇಕು ಅಂತ ಮಲಗೋ ಜಾಗ, ಕಕ್ಕಸು ಎಲ್ಲ ಒಳಗೇ ಇರುವ ನಮ್ಮ ಹಳೆಯ 24 ಅಡಿ ಮೋಟರ್‌ಹೋಮ್ ತೆಗೆದುಕೊಂಡು ಹೊರಟೆವು. ಕ್ಯಾನ್ಯನ್‌ನ ದಕ್ಷಿಣ ಅಂಚಾದ ಸೌತ್ ರಿಮ್‌ನ ಮ್ಯಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಮೂರು ರಾತ್ರಿಗೆ ಜಾಗ ಸಿಕ್ಕಿತ್ತು. ಅಲ್ಲಿ ಕರೆಂಟ್, ನೀರು, ಒಳಚರಂಡಿ ಯಾವುದರ ಕನೆಕ್ಷನ್ನೂ ಇಲ್ಲ. ಗಾಡಿಯ ಬ್ಯಾಟರಿ, ಗಾಡಿಯ ಟ್ಯಾಂಕ್, ಅಷ್ಟರಲ್ಲೇ ಬದುಕಬೇಕು.

ಎರಡನೇ ದಿನ ಸಂಜೆ, ಟ್ಯಾಂಕ್ ಎಷ್ಟು ತುಂಬಿದೆ ಅಂತ ತೋರಿಸುವ ಪ್ಯಾನೆಲ್‌ನ ಗುಂಡಿ ಒತ್ತಿದೆ. ಕಕ್ಕಸಿನ ಟ್ಯಾಂಕಿನ ನಾಲ್ಕೂ ದೀಪ ಹತ್ತಿಕೊಂಡವು. ಫುಲ್. ತುಂಬಿದ ಟ್ಯಾಂಕ್ ಬಳಸಿದರೆ ಕೊಳಕು ಮೇಲೆ ಬರುತ್ತದೆ ಅನ್ನೋ ಭಯ. ಇನ್ಮೇಲೆ ಎಲ್ಲರೂ ಹೊರಗಿನ ಟಾಯ್ಲೆಟ್ಟಿಗೇ ಹೋಗೋಣ ಅಂದೆ. ಅಮ್ಮನಿಗೆ 72 ವರ್ಷ, ಎರಡೂ ಮಂಡಿ ನೋವು. "ಪರವಾಗಿಲ್ಲ ಕಣೋ, ನಾನೇನು ಊರಲ್ಲಿ ಹಿತ್ತಲಿಗೆ ಹೋಗಿಲ್ವಾ" ಅಂದಳು. ಅದು ಸುಮಾರು 7,000 ಅಡಿ ಎತ್ತರದ ಜಾಗ, ಅಕ್ಟೋಬರ್ ರಾತ್ರಿ ಅಂದರೆ ಕೈ ಸೆಟೆದುಕೊಳ್ಳುವಷ್ಟು ಚಳಿ. ಆ ಎರಡು ರಾತ್ರಿಗಳಲ್ಲಿ ಅವಳು ನಾಲ್ಕು ಸಲ ಎದ್ದಳು. ನಾನು ಟಾರ್ಚ್ ಹಿಡಿದು ಜೊತೆಗೆ ಹೋದೆ. ಶಾಲು ಹೊದ್ದು, ನನ್ನ ತೋಳು ಹಿಡಿದು, ಜಲ್ಲಿಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ನಡೆದಳು.

ವಾಪಸ್ ಬರುವಾಗ ಗಾಡಿಯ ಕೊಳಕು ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ನಿಲ್ಲಿಸಿ ಮೂರು ಇಂಚಿನ ವಾಲ್ವ್ ಎಳೆದೆ. ಕೊಳವೆಯ ಬಾಯಿಯ ಹತ್ತಿರ ಒಳಗೆ ಹರಿಯೋದು ಕಾಣುವ ಪಾರದರ್ಶಕ ಬೆಂಡ್ ಒಂದಿದೆ. 30 ಗ್ಯಾಲನ್, ಅಂದರೆ ಸುಮಾರು 114 ಲೀಟರ್ ಹಿಡಿಯುವ ಟ್ಯಾಂಕ್ ಅದು. ಬಂದದ್ದು ಎರಡು ಬಕೆಟ್‌ನಷ್ಟೂ ಇರಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಅಮ್ಮ ಸುಮ್ನೆ ನಡೆದಿದ್ದಳು.

ಈ ಮೀಟರ್ ಸುಳ್ಳು ಹೇಳೋದು ಯಾಕೆ ಅಂತ ತಿಳಿದುಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ಪದ್ಧತಿಯಲ್ಲಿ ಟ್ಯಾಂಕಿನ ಗೋಡೆಗೆ ತೂತು ಹಾಕಿ ಬೇರೆ ಬೇರೆ ಎತ್ತರದಲ್ಲಿ ಲೋಹದ ಸ್ಕ್ರೂ ಕೂರಿಸಿರುತ್ತಾರೆ. ನೀರು ಮೇಲೆ ಬಂದು ಸ್ಕ್ರೂ ಮುಟ್ಟಿದರೆ ಅದರ ಮೂಲಕ ಸಣ್ಣ ಕರೆಂಟ್ ಹರಿಯುತ್ತದೆ, ದೀಪ ಹತ್ತುತ್ತದೆ. ಕುಡಿಯೋ ನೀರಿನ ಟ್ಯಾಂಕಿಗೆ ಇದು ಸರಿ. ಕಕ್ಕಸಿನ ಟ್ಯಾಂಕಿನಲ್ಲಿ ಒದ್ದೆ ಪೇಪರು, ಜಿಡ್ಡು ಗೋಡೆಗೆ ಅಂಟಿಕೊಳ್ಳುತ್ತದೆ. ಟ್ಯಾಂಕ್ ಖಾಲಿಯಾದರೂ ಆ ಒದ್ದೆ ಪದರದ ಮೂಲಕವೇ ಕರೆಂಟ್ ಹರಿಯುತ್ತಿರುತ್ತದೆ. ಬಚ್ಚಲ ನೀರಿನ ಟ್ಯಾಂಕಿನಲ್ಲಿ ಅದೇ ಕೆಲಸವನ್ನು ಎಣ್ಣೆ, ಸೋಪು ಮಾಡುತ್ತವೆ.

ನಾನು ಮೊದಲು ತೊಳೆದು ನೋಡಿದೆ. ಬಿಸಿನೀರು, ಪಾತ್ರೆ ತೊಳೆಯೋ ಸೋಪು ಹಾಕಿ ಊರೆಲ್ಲ ಸುತ್ತಿಸಿದೆ. ದೀಪ ಆರಿತು. ಮುಂದಿನ ಟ್ರಿಪ್‌ನಲ್ಲಿ ಮತ್ತೆ ಹತ್ತಿತು. ಒಂದು ರಿಪೇರಿ ಅಂಗಡಿಯವರು "ಎಲ್ಲರದ್ದೂ ಹೀಗೇ, ಅಭ್ಯಾಸ ಮಾಡಿಕೊಳ್ಳಿ" ಅಂದರು. ಅಭ್ಯಾಸ ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಇದು ಫುಲ್ ಆದಾಗ ಮಾತ್ರ ಬೇಕಾಗುವ ಲೆಕ್ಕವಲ್ಲ. ಕಕ್ಕಸಿನ ಟ್ಯಾಂಕ್ ಮೂರರಲ್ಲಿ ಎರಡು ಭಾಗವಾದರೂ ತುಂಬಿದ ಮೇಲೆ ಖಾಲಿ ಮಾಡಿದರೆ ಒಳ್ಳೆಯದು. ನೀರು ರಭಸವಾಗಿ ಹರಿದು ಗಟ್ಟಿಯದ್ದನ್ನೂ ಎಳೆದುಕೊಂಡು ಹೋಗುತ್ತದೆ. ಸ್ವಲ್ಪವೇ ಇದ್ದಾಗ ವಾಲ್ವ್ ತೆಗೆದರೆ ನೀರಷ್ಟೇ ಹೋಗಿ ಉಳಿದದ್ದು ತಳದಲ್ಲಿ ಕೂರುತ್ತದೆ.

ಕೊನೆಗೆ ಕೆನಡಾದ ಗಾರ್ನೆಟ್ ಕಂಪನಿಯ ಸೀಲೆವೆಲ್ ಕಿಟ್ ತರಿಸಿದೆ. ಇದರ ಸೆನ್ಸರ್ ಟ್ಯಾಂಕಿನ ಒಳಗೆ ಹೋಗುವುದೇ ಇಲ್ಲ. ಉದ್ದನೆಯ ತೆಳು ಪಟ್ಟಿ, ಹಿಂದೆ ಅಂಟು. ಪ್ಲಾಸ್ಟಿಕ್ ಟ್ಯಾಂಕಿನ ಹೊರಮೈಗೆ ನೆಟ್ಟಗೆ ಅಂಟಿಸಬೇಕು. ಟ್ಯಾಂಕ್ ಗಿಡ್ಡ ಇದ್ದರೆ ಪಟ್ಟಿಯನ್ನು ಕತ್ತರಿಸಬಹುದು. ದೀಪದ ಬದಲು ಶೇಕಡಾ ಲೆಕ್ಕದಲ್ಲಿ ಅಂಕಿ ಬರುತ್ತದೆ.

ನವೆಂಬರ್‌ನಲ್ಲಿ ಫೀನಿಕ್ಸ್ ಹವೆ ಕೆಲಸಕ್ಕೆ ಚೆನ್ನ. ಒಂದು ಶನಿವಾರ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರ ಉರುಳದಂತೆ ಅಡ್ಡ ಕೊಟ್ಟು, ಹೊರಗಿನ ಕರೆಂಟ್ ಕಿತ್ತು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆ. ಟ್ಯಾಂಕುಗಳನ್ನು ಖಾಲಿ ಮಾಡಿ ಎರಡು ಸಲ ತೊಳೆದೆ. ಒಳಗೆ ದಪ್ಪ ಪದರ ಕೂತಿದ್ದರೆ ಹೊರಗಿನ ಸೆನ್ಸರ್‌ಗೂ ತೊಂದರೆಯೇ. ಆಮೇಲೆ ಅಡಿಯಲ್ಲಿ ಮಲಗಿ ಗಾಡಿಯ ಹೊಟ್ಟೆಯ ಪ್ಲಾಸ್ಟಿಕ್ ಹಾಳೆಯ ಸ್ಕ್ರೂ ಬಿಚ್ಚಿದೆ. ಮಗಳು ಟಾರ್ಚ್ ಹಿಡಿದಳು, ಬಿದ್ದ ಸ್ಕ್ರೂಗಳನ್ನು ಒಂದು ಸ್ಟೀಲ್ ಲೋಟಕ್ಕೆ ಹಾಕಿದಳು.

ಹಳೆಯ ಸ್ಕ್ರೂ ಸೆನ್ಸರ್‌ಗಳನ್ನು ಕೀಳಬೇಡಿ. ಕಿತ್ತರೆ ಅಲ್ಲಿ ತೂತು, ತೂತಿದ್ದಲ್ಲಿ ಸೋರಿಕೆ. ಅವುಗಳ ವೈರ್ ಮಾತ್ರ ಕತ್ತರಿಸಿ, ತುದಿಗೆ ಟೇಪ್ ಸುತ್ತಿ ಹಾಗೇ ಬಿಟ್ಟೆ. ಹೊಸದಕ್ಕೆ ಎರಡೇ ವೈರ್ ಸಾಕು, ಮೂರೂ ಟ್ಯಾಂಕಿನ ಪಟ್ಟಿಗಳು ಅದೇ ಎರಡು ವೈರಿಗೆ ಸೇರುತ್ತವೆ. ಪಟ್ಟಿಯ ಮೇಲೆ ಸಣ್ಣ ಗುರುತುಗಳಿವೆ. ಯಾವುದನ್ನು ಕತ್ತರಿಸಿದ್ದೇವೆ ಅನ್ನುವುದರ ಮೇಲೆ ಇದು ಯಾವ ಟ್ಯಾಂಕ್ ಅಂತ ಡಿಸ್‌ಪ್ಲೇಗೆ ತಿಳಿಯುತ್ತದೆ. ಪ್ಯಾನೆಲ್‌ನಿಂದ ಟ್ಯಾಂಕಿನವರೆಗೆ ಹಳೆಯ ವೈರುಗಳು ಇದ್ದವಲ್ಲ, ಅವನ್ನೇ ಬಳಸಿದೆ. ಆದರೆ ಮೇಲೆ ಇದ್ದ ಬಣ್ಣ ಕೆಳಗೆ ಇರಲಿಲ್ಲ, ನಡುವೆ ಎಲ್ಲೋ ಬದಲಾಗಿತ್ತು. ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ಹುಡುಕಲು ಅರ್ಧ ದಿನ ಹೋಯಿತು. ಇಡೀ ಕೆಲಸದಲ್ಲಿ ಕಷ್ಟ ಅಂದರೆ ಅದೊಂದೇ.

ಒಂದು ಮಾತು ಮಾತ್ರ ನೆನಪಿಡಿ. ಅಂಟಿನ ಕಾಗದ ಸುಲಿಯುವ ಮೊದಲು ಪಟ್ಟಿಯನ್ನು ಸುಲಭವಾಗಿ ಕಿತ್ತು ಬರುವ ಪೇಂಟರ್ ಟೇಪಿನಲ್ಲಿ ನಿಲ್ಲಿಸಿ ನೋಡಿ. ಬಚ್ಚಲ ಟ್ಯಾಂಕಿನ ಒಂದು ಬದಿಯಲ್ಲಿ ಕಬ್ಬಿಣದ ತೊಲೆ ತೀರಾ ಹತ್ತಿರ ಇತ್ತು. ಬ್ಯಾಟರಿ ಮತ್ತೆ ಜೋಡಿಸಿ ನೋಡಿದರೆ ಅಲ್ಲಿ ಅಂಕಿ ನಿಲ್ಲಲೇ ಇಲ್ಲ, ಕುಣಿಯುತ್ತಿತ್ತು. ಇನ್ನೊಂದು ಬದಿಗೆ ಒಯ್ದ ಮೇಲೆ ಸರಿಹೋಯಿತು. ಟ್ಯಾಂಕಿನ ಮೈಯನ್ನು ಆಲ್ಕೋಹಾಲ್ ಹಾಕಿ ಒರೆಸಿ, ಒಣಗಿದ ಮೇಲೆ ಅಂಟಿಸಿದೆ.

ಈಗ ಪರೀಕ್ಷೆ. ಐದು ಗ್ಯಾಲನ್ ಬಕೆಟ್‌ನಲ್ಲಿ ಮೂರು ಸಲ ನೀರು ತಂದು ಕಮೋಡಿಗೆ ಸುರಿದೆ. ಸರಿಯಾಗಿ ಅರ್ಧ ಟ್ಯಾಂಕ್. ಅಮ್ಮ ಡ್ರಮ್ಮಿನಲ್ಲಿ ನೀರು ಎಷ್ಟಿದೆ ಅಂತ ಮುಚ್ಚಳ ತೆಗೆಯದೇ ಹೇಳುತ್ತಿದ್ದಳು. ಬೆರಳ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ತಟ್ಟುತ್ತಾ ಬರೋದು, ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿಗೆ ನೀರು. ನಾನೂ ಅಡಿಯಲ್ಲಿ ಮಲಗಿ ಹಾಗೇ ತಟ್ಟಿದೆ. ಮೇಲೆ ಡಬ್ ಡಬ್ ಅಂತ ಟೊಳ್ಳು ಸದ್ದು. ಸ್ವಲ್ಪ ಕೆಳಗೆ ಬಂದ ಹಾಗೆ ಸದ್ದು ಸತ್ತುಹೋಯಿತು. ಅಲ್ಲಿ ಪೆನ್ನಿನಿಂದ ಗೆರೆ ಎಳೆದೆ. ಹತ್ತು ಇಂಚಿನ ಟ್ಯಾಂಕಿನಲ್ಲಿ ಗೆರೆ ತಳದಿಂದ ಐದು ಇಂಚಿಗೆ ಸ್ವಲ್ಪ ಕಡಿಮೆ. "ಒಳಗೆ ಎಷ್ಟು ತೋರಿಸ್ತಿದೆ ನೋಡು ಪುಟ್ಟಿ" ಅಂದೆ. ಓಡಿಹೋಗಿ ಗುಂಡಿ ಒತ್ತಿ ಕೂಗಿದಳು: "ನಲವತ್ತೆಂಟು, ಅಪ್ಪಾ!"

ಆ ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಚಳಿಯಲ್ಲಿ ನಡೆಸಿದ್ದಕ್ಕೆ ಕ್ಷಮಿಸು ಅಂದೆ. "ಅಯ್ಯೋ, ಅದೆಲ್ಲ ಏನು ಲೆಕ್ಕ. ಎಷ್ಟೊಂದು ನಕ್ಷತ್ರ ಇದ್ವು ಅವತ್ತು, ನೀನು ಟಾರ್ಚ್ ನೋಡ್ತಿದ್ದೆ ಅಷ್ಟೇ" ಅಂದಳು. ಆಮೇಲೆ ಕೇಳಿದಳು, ಆ ಅಂಕಿ ತನಗೂ ಓದೋಕೆ ಬರುತ್ತಾ ಅಂತ.

ಏಪ್ರಿಲ್‌ಗೆ ಮತ್ತೆ ಬರುತ್ತಾಳೆ. ಗುಂಡಿಗಳ ಮೇಲಿದ್ದ ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಮಗಳು ದಪ್ಪ ಅಕ್ಷರದಲ್ಲಿ ಬರೆದು ಚೀಟಿ ಅಂಟಿಸಿದ್ದಾಳೆ: ಕುಡಿಯೋ ನೀರು, ಬಚ್ಚಲು, ಕಕ್ಕಸು.