ಮಳೆಗಾಲದ ಕೇಳುಗನಿಗೆ ಎಷ್ಟು ಕಿಲೋಬಿಟ್ ಬೇಕು?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಕರೆಂಟು, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆಗ ಕೋಟಿಗಟ್ಟಲೆ ಹಾಡುಗಳಿರುವ ಸ್ಟ್ರೀಮಿಂಗ್ ಆ್ಯಪ್‌ಗಿಂತ ಹಳೆಯ ಮೆಮೊರಿ ಕಾರ್ಡಿನಲ್ಲಿರುವ ಸುಮಾರು 400 ಎಂಪಿ3 ಕಡತಗಳೇ ನನಗೆ ಆಪ್ತವಾಗುತ್ತವೆ.

ಬೆಂಗಳೂರಿನಿಂದ ಬಂದಿದ್ದ ಭಾವನವರು ಇವುಗಳ ಗುಣಮಟ್ಟ ನೋಡಿ ನಕ್ಕರು. ಅವರ ಆಕ್ಷೇಪ ಸುಳ್ಳೇನಲ್ಲ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ ಸದ್ದನ್ನು ಅಳೆದ 16 ಬಿಟ್‌ನ 44,100 ಮಾದರಿಗಳು, ಅದೂ ಎರಡು ಚಾನೆಲ್‌ಗಳಲ್ಲಿ, ಎಂದರೆ ಸುಮಾರು 1,411 ಕಿಲೋಬಿಟ್ (ಒಂದು ಕಿಲೋಬಿಟ್ ಎಂದರೆ ಸಾವಿರ ಬಿಟ್) ಇರುತ್ತವೆ. ನನ್ನ ಕಡತಗಳಲ್ಲಿ ಇರುವುದು ಬರೀ 128. ಆದರೆ ಎಂಪಿ3 ಕಣ್ಣುಮುಚ್ಚಿ ಕತ್ತರಿಸುವುದಿಲ್ಲ. ಗಟ್ಟಿಯಾದ ಸದ್ದಿನ ಮರೆಯಲ್ಲಿ ಹೇಗೂ ಕಿವಿಗೆ ಬೀಳದ ಮೆಲುದನಿಗಳನ್ನು ಲೆಕ್ಕಹಾಕಿ, ಅವುಗಳ ಮೇಲೆ ವ್ಯಯಿಸುವ ಬಿಟ್‌ಗಳನ್ನು ಉಳಿಸುತ್ತದೆ. ಹಂಚಿನ ಮಾಡಿನ ಮೇಲೆ ಜಡಿಮಳೆ ಸುರಿಯುವಾಗ ಆ ಮರೆಮಾಚುವ ಕೆಲಸವನ್ನು ಮಳೆಯೇ ಇನ್ನೂ ಧಾರಾಳವಾಗಿ ಮಾಡುತ್ತದೆ. ಮೇಲಾಗಿ, ಭಾವನವರು ತಂದಿದ್ದ ಬ್ಲೂಟೂತ್ ಸ್ಪೀಕರ್ ಕೂಡ ಸಂಗೀತವನ್ನು ಮತ್ತೊಮ್ಮೆ ಸಂಕುಚಿಸಿಯೇ ಪಡೆಯುತ್ತದೆ. (ಇದನ್ನು ಹೇಳಿದ್ದು ಅವರಿಗೆ ಅಷ್ಟು ಹಿಡಿಸಲಿಲ್ಲ.)

ತಾಳದ ಕಿಣಿಕಿಣಿ 128ರಲ್ಲಿ ಕೊಂಚ ಕಲಸಿಹೋಗುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಶಿವಮೊಗ್ಗ ಸುಬ್ಬಣ್ಣನವರ ತುಂಬುಕಂಠಕ್ಕೆ ಮಾತ್ರ ಅಂಥ ಕೊರತೆ ನನಗೆ ಕಂಡಿಲ್ಲ. ಸ್ಪಾಟಿಫೈನಲ್ಲಿ ಇಳಿಸಿಕೊಂಡ ಹಾಡು ಉಳಿಯಬೇಕಾದರೆ 30 ದಿನಗಳಿಗೊಮ್ಮೆಯಾದರೂ ಇಂಟರ್ನೆಟ್‌ಗೆ ಹಾಜರಿ ಹಾಕಬೇಕು. ನನ್ನ ಮೆಮೊರಿ ಕಾರ್ಡು ಇದುವರೆಗೆ ಯಾರ ಅಪ್ಪಣೆಯನ್ನೂ ಕೇಳಿಲ್ಲ.