ಹರಿಕೇನ್‌ಗೆ ಮನೆ ಸಿದ್ಧ ಮಾಡುವ ಕೆಲಸ ಶುರುವಾಗುವುದು ಮಾರ್ಚ್‌ನಲ್ಲಿ

ಅಮೆರಿಕದ ಫ್ಲೋರಿಡಾದಲ್ಲಿ, ಟಾಂಪಾ ಕಡೆ ಹೊಸದಾಗಿ ಮನೆ ಕೊಂಡ ಕನ್ನಡದವರು ಸಿಕ್ಕಾಗ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಹರಿಕೇನ್‌ಗೆ, ಅಂದರೆ ಸಮುದ್ರದಿಂದ ಬರುವ ಭಾರೀ ಬಿರುಗಾಳಿಗೆ, ಬಂದು ನಿಲ್ಲುತ್ತದೆ. ಏನೇನು ತಂದಿಟ್ಟುಕೊಳ್ಳಬೇಕು ಅಂತ ಕೇಳುತ್ತಾರೆ. ನೀರು, ಟಾರ್ಚ್, ಬ್ಯಾಟರಿ, ಔಷಧಿ. ಅದೆಲ್ಲ ಬೇಕು. ಆದರೆ ನಾನು ತಿರುಗಿ ಕೇಳುವುದು ಬೇರೆ. ನಿಮ್ಮ ಮನೆ ಯಾವ ಝೋನ್‌ನಲ್ಲಿದೆ? ಗ್ಯಾರೇಜ್ ಬಾಗಿಲಿನ ಒಳಮೈಮೇಲೆ ಸ್ಟಿಕರ್ ಇದೆಯಾ? ಪ್ರವಾಹದ ಇನ್ಶೂರೆನ್ಸ್ ಬೇರೆಯಾಗಿ ಮಾಡಿಸಿದ್ದೀರಾ? ಟಿವಿಯಲ್ಲಿ ಬಿರುಗಾಳಿಯ ಹೆಸರು ಬಂದ ಮೇಲೆ ಇವಕ್ಕೆ ಉತ್ತರ ಹುಡುಕುತ್ತಾ ಕೂತರೆ ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಇಲ್ಲಿ ಸೀಸನ್ ಜೂನ್ 1ಕ್ಕೆ ಶುರು, ನವೆಂಬರ್ 30ಕ್ಕೆ ಮುಗಿಯುತ್ತದೆ. ಜೋರು ಜಾಸ್ತಿ ಇರುವುದು ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಬಿರುಗಾಳಿ ಬರುತ್ತಿದೆ ಅಂತ ಗೊತ್ತಾಗಿ ಅದು ಬಂದು ತಲುಪುವುದರೊಳಗೆ ನಮಗೆ ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ಸಾಮಾನು ತರಬಹುದು, ಮನೆ ಗಟ್ಟಿ ಮಾಡಲು ಆಗುವುದಿಲ್ಲ.

ಮೊದಲು ನೀರಿನ ವಿಷಯ. ಗಾಳಿಗಿಂತ ಜಾಸ್ತಿ ಭಯಪಡಬೇಕಾದದ್ದು ಇದಕ್ಕೇ. ಟಿವಿಯವರು ಹೇಳುವ ಕೆಟಗರಿ 1, 2, 3 ಎಲ್ಲ ಬರೀ ಗಾಳಿಯ ವೇಗದ ಲೆಕ್ಕ. ಗಂಟೆಗೆ 74 ಮೈಲಿ ದಾಟಿದರೆ ಒಂದು, 111 ದಾಟಿದರೆ ಮೂರು, 157 ದಾಟಿದರೆ ಐದು. ಸಮುದ್ರ ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ ಅನ್ನುವುದು ಆ ನಂಬರಿನಲ್ಲಿ ಇಲ್ಲವೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಅನ್ನುವ ಹರಿಕೇನ್ ನಮ್ಮ ಮೇಲೆ ಬರಲೇ ಇಲ್ಲ. ಅದರ ಕಣ್ಣು, ಅಂದರೆ ನಡುಭಾಗ, ಇಲ್ಲಿಂದ ನೂರು ಮೈಲಿಗೂ ದೂರದಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲೇ ಸಾಗಿ, ಬಹಳ ಉತ್ತರಕ್ಕೆ ಬಿಗ್ ಬೆಂಡ್ ಕಡೆ ನೆಲ ಮುಟ್ಟಿತು. ಆದರೂ ಟಾಂಪಾ ಕೊಲ್ಲಿಯ ದಂಡೆಯಲ್ಲಿ ನೀರು ಆರು ಅಡಿಗೂ ಮೇಲೆ ಬಂತು. ಅದೇ 2022ರಲ್ಲಿ ಇಯಾನ್ ನಮ್ಮ ಕಡೆಗೇ ಬರುತ್ತದೆ ಅಂತ ಇದ್ದದ್ದು ನಮಗಿಂತ ದಕ್ಷಿಣದಲ್ಲೇ ನೆಲ ಮುಟ್ಟಿತು. ಆಗ ಇಲ್ಲಿ ಕೊಲ್ಲಿಯ ನೀರು ಹಿಂದೆ ಸರಿದು ತಳದ ಮರಳು ಕಾಣಿಸಿತು. ಅತ್ತ ಫೋರ್ಟ್ ಮಾಯರ್ಸ್ ಬೀಚ್‌ನಲ್ಲಿ ಹತ್ತರಿಂದ ಹದಿನೈದು ಅಡಿ ನೀರು ನುಗ್ಗಿ ಬೀದಿ ಬೀದಿಗಳೇ ಹೋದವು. ಟಿವಿಯಲ್ಲಿ ತೋರಿಸುವ ಬಿಳಿ ಕೋನ್ ಇದೆಯಲ್ಲ, ಅದು ಬಿರುಗಾಳಿಯ ಕಣ್ಣು ಎಲ್ಲೆಲ್ಲಿ ಸಾಗಬಹುದು ಅನ್ನುವ ಅಂದಾಜು ಮಾತ್ರ. ಮೂರರಲ್ಲಿ ಒಂದು ಪಾಲು ಸಲ ಕಣ್ಣು ಆ ಕೋನ್ ದಾಟಿ ಹೊರಗೆ ಹೋಗುತ್ತದೆ. ಕೋನ್‌ನ ಹೊರಗಿದ್ದೀವಿ ಅಂತ ನಿಶ್ಚಿಂತೆಯಾಗಿ ಇರುವ ಹಾಗಿಲ್ಲ.

ಝೋನ್ ವಿಷಯದಲ್ಲಿ ಓದಿದವರೇ ಗೊಂದಲ ಮಾಡಿಕೊಳ್ಳುತ್ತಾರೆ. ಇಲ್ಲಿ ನಕ್ಷೆ ಎರಡು. ಕೌಂಟಿಯವರ (ನಮ್ಮ ಜಿಲ್ಲೆ ಇದ್ದ ಹಾಗೆ) ಇವ್ಯಾಕ್ಯುಯೇಶನ್ ಝೋನ್ ಎ ಯಿಂದ ಇ ವರೆಗೆ. ಸಮುದ್ರ ಉಕ್ಕಿದರೆ ಯಾರು ಮೊದಲು ಹೊರಡಬೇಕು ಅಂತ ಹೇಳುವುದು ಅದು. ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣೆಯ ಸಂಸ್ಥೆ ಫೆಮಾದವರ ಫ್ಲಡ್ ಝೋನ್ ಬೇರೆ. ಅದು ಇನ್ಶೂರೆನ್ಸ್‌ಗೂ ಸಾಲಕ್ಕೂ ಬೇಕಾದದ್ದು. "ನಮ್ಮದು ಎಕ್ಸ್ ಝೋನ್, ನಾವೇನೂ ಹೋಗಬೇಕಾಗಿಲ್ಲ" ಅನ್ನುವವರು, ಪ್ರವಾಹದ ಅಪಾಯ ಕಡಿಮೆ ಅಂತ ಎರಡನೇ ನಕ್ಷೆಯಲ್ಲಿ ನೋಡಿ ಮೊದಲನೆಯದಕ್ಕೆ ಉತ್ತರ ಹೇಳುತ್ತಿರುತ್ತಾರೆ. ನಮ್ಮದು ಹಿಲ್ಸ್‌ಬರೋ ಕೌಂಟಿಯ ಇವ್ಯಾಕ್ಯುಯೇಶನ್ ಝೋನ್ ಬಿ. ಹೆಲೀನ್ ಬಂದಾಗ ಮನೆಯಲ್ಲೇ ಉಳಿದೆವು. ಎರಡು ವಾರ ಕಳೆದು ಮಿಲ್ಟನ್ ಅನ್ನುವ ಇನ್ನೊಂದು ಹರಿಕೇನ್ ಬಂದಾಗ ಎ ಮತ್ತು ಬಿ ಎರಡಕ್ಕೂ ಆದೇಶ ಬಂತು, ಹೊರಟೆವು. ಜಾರ್ಜಿಯಾಕ್ಕೋ ಟೆನೆಸಿಗೋ ಓಡಬೇಕಾಗಿಲ್ಲ. ನೀರು ಬಾರದ ಎತ್ತರದಲ್ಲಿ, ಗಟ್ಟಿ ಮನೆಯಿರುವ ಸ್ನೇಹಿತರು ನಲವತ್ತು ಐವತ್ತು ಮೈಲಿ ಒಳಗಡೆ ಇದ್ದರೆ ಸಾಕು. ಅವರ ಜೊತೆ ಮೇ ತಿಂಗಳಲ್ಲೇ ಮಾತಾಡಿಕೊಂಡಿರಬೇಕು. ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದಾಗ ಫೋನ್ ಮಾಡಿ ಕೇಳುವ ಮಾತಲ್ಲ ಅದು.

ಇನ್ನು ಗಾಳಿ. ಗಾಳಿಯ ವೇಗ ಎರಡರಷ್ಟಾದರೆ ಗೋಡೆ ಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ. ಮನೆಯಲ್ಲಿ ಅದಕ್ಕೆ ಮೊದಲು ಸೋಲುವುದು ಕಿಟಕಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಸೋಲುವುದು ಗ್ಯಾರೇಜ್ ಬಾಗಿಲು. ಎರಡು ಕಾರು ನಿಲ್ಲುವ ಗ್ಯಾರೇಜ್ ಆದರೆ ಹದಿನಾರು ಅಡಿ ಅಗಲದ ತೆಳು ತಗಡು, ಹಿಡಿದುಕೊಂಡಿರುವುದು ಎರಡು ಪಕ್ಕದ ಹಳಿ ಮಾತ್ರ. ಅದು ಒಳಕ್ಕೆ ಬಾಗಿ ಹಳಿಯಿಂದ ಕಳಚಿತು ಅಂದರೆ ಗಾಳಿ ಒಳಗೆ ನುಗ್ಗಿ ಸೂರನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಅದೇ ಹೊತ್ತಿಗೆ ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತಿರುತ್ತದೆ. ಮಳೆಗಾಲದಲ್ಲಿ ಕೊಡೆ ಉಲ್ಟಾ ಆಗುತ್ತಲ್ಲ, ಹಾಗೆ.

ಹಾಗಾಗಿ ಬಾಗಿಲು ಇಳಿಸಿ, ಒಳಗಡೆ ನಿಂತು ಸ್ಟಿಕರ್ ಹುಡುಕಿ ಅಂತ ಹೇಳುತ್ತೇನೆ. ಎಷ್ಟು ಒತ್ತಡ ಅಥವಾ ಎಷ್ಟು ಮೈಲಿ ವೇಗದ ಗಾಳಿ ತಡೆಯುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಸ್ಟಿಕರ್ ಇಲ್ಲ, ಬಾಗಿಲು ಹಳೆಯದು ಅಂದರೆ ಬದಲಾಯಿಸಿ, ಇಲ್ಲವೇ ಅದಕ್ಕೆಂದೇ ಬರುವ ಅಡ್ಡಪಟ್ಟಿ, ನಿಲುವು ಕಂಬ ಹಾಕಿಸಿ. ನಮ್ಮ ಮನೆಗೆ ನಾವು ಮಾಡಿಸಿದ ದೊಡ್ಡ ಖರ್ಚುಗಳಲ್ಲಿ ಮೊದಲನೆಯದು ಹೊಸ ಗ್ಯಾರೇಜ್ ಬಾಗಿಲು. ಅಡುಗೆಮನೆ ಕೆಲಸ ಆಮೇಲೆ ಮಾಡಿದರಾಯಿತು ಅಂತ ಅದನ್ನು ಮುಂದೂಡಿ ಇದಕ್ಕೆ ದುಡ್ಡು ಹಾಕಿದೆವು.

ಮನೆ ಯಾವ ವರ್ಷ ಕಟ್ಟಿದ್ದು ಅನ್ನುವುದೂ ಮುಖ್ಯ. 1992ರ ಆಗಸ್ಟ್‌ನಲ್ಲಿ ಆಂಡ್ರೂ ಮಯಾಮಿಯ ದಕ್ಷಿಣಕ್ಕೆ, ಹೋಮ್‌ಸ್ಟೆಡ್ ಕಡೆ ಬಡಿದಾಗ ಸೂರಿನ ಹಲಗೆಗಳೆಲ್ಲ ಹಾರಿಹೋದವು. ಆಮೇಲೆ ನೋಡಿದರೆ ಎಷ್ಟೋ ಹಲಗೆಗಳನ್ನು ಸರಿಯಾಗಿ ತೊಲೆಗೆ ಹೊಡೆದೇ ಇರಲಿಲ್ಲ. ಅಲ್ಲಿಂದ ನಿಯಮ ಬಿಗಿಯಾಗುತ್ತಾ ಬಂದು 2002ರಲ್ಲಿ ಫ್ಲೋರಿಡಾಗೆಲ್ಲ ಒಂದೇ ಕಟ್ಟಡ ನಿಯಮ ಜಾರಿಗೆ ಬಂತು. ಅದಕ್ಕಿಂತ ಹಳೆಯ ಮನೆಯಾದರೆ ವಿಂಡ್ ಮಿಟಿಗೇಶನ್ ತಪಾಸಣೆ, ಅಂದರೆ ಮನೆ ಗಾಳಿಗೆ ಎಷ್ಟು ಗಟ್ಟಿ ಅಂತ ನೋಡುವ ತಪಾಸಣೆ, ಮಾಡಿಸಿ. ಅವರು ಅಟ್ಟ ಹತ್ತಿ, ಸೂರಿನ ತೊಲೆ ಗೋಡೆಗೆ ಹೇಗೆ ಕೂತಿದೆ ಅಂತ ನೋಡುತ್ತಾರೆ. ಬರೀ ಮೊಳೆಯಾ, ಕ್ಲಿಪ್ಪಾ, ಅಥವಾ ಮೇಲಿನಿಂದ ಸುತ್ತಿ ಬಂದ ಲೋಹದ ಪಟ್ಟಿಯಾ ಅಂತ. ಪಟ್ಟಿ ಇದ್ದರೆ ಇನ್ಶೂರೆನ್ಸ್ ಕಂತಿನಲ್ಲಿ ರಿಯಾಯಿತಿಯೂ ಸಿಗುತ್ತದೆ.

ಕಿಟಕಿ ವಿಷಯಕ್ಕೆ ಬಂದರೆ, ಪ್ರತಿ ವರ್ಷ ಯಾರಾದರೂ ಒಬ್ಬರು ಫೋನ್ ಮಾಡಿ ಕೇಳುತ್ತಾರೆ.

"ಅಕ್ಕಾ, ಗಾಜಿಗೆ ಟೇಪ್ ಹಚ್ಚಿಬಿಡ್ಲಾ? ಎಕ್ಸ್ ಆಕಾರದಲ್ಲಿ?"

"ಬೇಡ ಕಣಮ್ಮಾ. ಗಾಜು ಒಡೆಯೋದನ್ನ ಟೇಪ್ ತಡೆಯಲ್ಲ. ಒಡೆದಾಗ ಚೂರು ಇನ್ನೂ ದೊಡ್ಡದಾಗಿ, ಕತ್ತಿ ಥರ ಬೀಳುತ್ತೆ."

ಇಂಪ್ಯಾಕ್ಟ್ ಗಾಜು ಹಾಕಿಸುವ ಶಕ್ತಿ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ನಾಲ್ಕು ಕಿಲೋ ತೂಕದ ಮರದ ತುಂಡನ್ನು ಗಂಟೆಗೆ 34 ಮೈಲಿ ವೇಗದಲ್ಲಿ ಅದಕ್ಕೆ ಹೊಡೆದು ಪರೀಕ್ಷೆ ಮಾಡಿರುತ್ತಾರೆ. ಗಾಜು ಬಿರುಕು ಬಿಡಬಹುದು, ತೂತು ಬೀಳಬಾರದು. ನಮ್ಮಲ್ಲಿರುವುದು ಕಿಟಕಿಗೆ ಹೊರಗಿನಿಂದ ಮುಚ್ಚುವ ಅಲ್ಯೂಮಿನಿಯಂ ಪ್ಯಾನಲ್, ಹಳೆಯ ಮಾಲೀಕರು ಗ್ಯಾರೇಜ್ ಗೋಡೆಗೆ ಒರಗಿಸಿ ಬಿಟ್ಟುಹೋಗಿದ್ದು. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕೈಗೆ ರೂಢಿ ಬೇಕು. ಒಂದರ ಅಂಚು ಮುಂದಿನದರ ಕೆಳಗೆ ಕೂರಬೇಕು. ಸಾಲು ತಪ್ಪಿದರೆ ಬೋಲ್ಟ್‌ನ ತೂತು ಹೊಂದುವುದೇ ಇಲ್ಲ. ಅದಕ್ಕೆ ಪ್ರತಿಯೊಂದರ ಮೇಲೂ ಮಾರ್ಕರ್‌ನಲ್ಲಿ "ಅಡುಗೆಮನೆ ಎಡ", "ಹಾಲ್ ಮಧ್ಯ" ಅಂತ ಬರೆದಿದ್ದೇವೆ. ಕನ್ನಡದಲ್ಲೇ. ಅಂಚು ಬ್ಲೇಡಿನಷ್ಟು ಚೂಪು, ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಗೋಡೆಯಿಂದ ಹೊರಗೆ ಚಾಚಿರುವ ಬೋಲ್ಟ್‌ಗಳು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ವಸಂತದಲ್ಲಿ ಒಮ್ಮೆ ಎಣ್ಣೆ ಹಚ್ಚಿ, ರೆಕ್ಕೆ ನಟ್ಟನ್ನು ಬೆರಳಲ್ಲಿ ತಿರುಗಿಸಿ ನೋಡಬೇಕು. ಬೆರಳಿಗೆ ತಿರುಗದ ನಟ್ಟು ಬಿರುಗಾಳಿ ಹಿಂದಿನ ಸಂಜೆ ಇಕ್ಕಳಕ್ಕೂ ತಿರುಗುವುದಿಲ್ಲ. ಮನೆಯಲ್ಲೇ ಉಳಿಯುವುದಾದರೆ ಹೊರಹೋಗುವ ಬಾಗಿಲು ಒಂದನ್ನಾದರೂ ಒಳಗಿನಿಂದ ತೆಗೆಯುವ ಹಾಗೆ ಬಿಡಿ. ಬೆಂಕಿ ಬಿದ್ದರೆ ಹೊರಗೆ ಓಡಬೇಕಲ್ವಾ?

ಪ್ಯಾನಲ್ ಇಲ್ಲದವರಿಗೆ ಪ್ಲೈವುಡ್ ಇದೆ. ಕನಿಷ್ಠ 5/8 ಇಂಚು ದಪ್ಪದ್ದು, ಮೊದಲೇ ಅಳತೆಗೆ ಕತ್ತರಿಸಿ ತೂತು ಕೊರೆದಿಟ್ಟಿರಬೇಕು. ಎಚ್ಚರಿಕೆ ಬಂದ ದಿನ ಅಂಗಡಿಯಲ್ಲಿ ಮೊದಲು ಖಾಲಿಯಾಗುವುದರಲ್ಲಿ ಅದೂ ಒಂದು.

ಮರಗಳನ್ನೂ ಬೇಸಿಗೆಗೆ ಮುಂಚೆ ನೋಡಿಸಿ. ಲೈವ್ ಓಕ್ ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ, ಲಾರೆಲ್ ಓಕ್ ಬೀಳುವುದು ಜಾಸ್ತಿ. ತಾಳೆ ಜಾತಿಯ ಮರಗಳ ಹಸಿರು ಗರಿಯನ್ನೆಲ್ಲ ಬೋಳಿಸುವುದು ಬೇಡ, ಅದರಿಂದ ಮರವೇ ಸೊರಗುತ್ತದೆ. ಎಚ್ಚರಿಕೆ ಬಂದ ಮೇಲಂತೂ ಕೊಂಬೆ ಕಡಿದು ರಸ್ತೆ ಬದಿ ರಾಶಿ ಹಾಕಲೇಬೇಡಿ. ಕಸದ ಲಾರಿ ಬರುವುದಿಲ್ಲ, ಕೊಂಬೆ ಯಾರದೋ ಕಿಟಕಿಗೆ ಹೋಗಿ ಬೀಳುತ್ತದೆ. ಮಿಲ್ಟನ್ ಬರುವಾಗ ದಂಡೆಯ ಬೀದಿಗಳಲ್ಲಿ ಹೆಲೀನ್‌ನಲ್ಲಿ ನೆಂದು ಹಾಳಾದ ಸೋಫಾ, ಹಾಸಿಗೆ, ಫ್ರಿಜ್ಜು ಇನ್ನೂ ರಾಶಿ ಬಿದ್ದಿದ್ದವು. ಹಗಲೂ ರಾತ್ರಿ ಲಾರಿಗಳು ಓಡಿದರೂ ಎಲ್ಲವನ್ನೂ ಎತ್ತಲು ಆಗಲಿಲ್ಲ. ಮನೆಯ ವಸ್ತುಗಳೆಲ್ಲ ಹಾಗೆ ಬೀದಿಯಲ್ಲಿ ಬಿದ್ದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಜನ ಒಂದು ಏಟು ತಿಂದು ಏಳುವ ಮೊದಲೇ ಇನ್ನೊಂದು ಬಂತು. ಮಿಲ್ಟನ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚು ಮಳೆ ಸುರಿಸಿತು, ಅಲ್ಲಿನ ಬೇಸ್‌ಬಾಲ್ ಕ್ರೀಡಾಂಗಣದ ಚಾವಣಿಯನ್ನೇ ಹರಿದುಹಾಕಿತು.

ಇನ್ಶೂರೆನ್ಸ್ ಬಗ್ಗೆ ಎರಡೇ ಮಾತು. ಸಾಮಾನ್ಯ ಮನೆ ಪಾಲಿಸಿ ಪ್ರವಾಹದ ನೀರಿಗೆ ದುಡ್ಡು ಕೊಡುವುದಿಲ್ಲ. ಸರ್ಕಾರದ ಪ್ರವಾಹ ಇನ್ಶೂರೆನ್ಸ್ ಬೇರೆ ತಗೊಳ್ಳಬೇಕು, ಸಾಮಾನ್ಯವಾಗಿ ಅದು ಜಾರಿಗೆ ಬರಲು 30 ದಿನ ಬೇಕು. ಆಗಸ್ಟ್‌ನಲ್ಲಿ ಬಿರುಗಾಳಿ ನೋಡಿ ಓಡಿಹೋಗಿ ತಗೊಂಡರೆ ಆ ಬಿರುಗಾಳಿಗೆ ಅದು ಬರುವುದಿಲ್ಲ. ಇನ್ನೊಂದು, ಹರಿಕೇನ್ ಡಿಡಕ್ಟಿಬಲ್ ಬಹಳ ಕಡೆ ಶೇಕಡಾ ಲೆಕ್ಕದಲ್ಲಿರುತ್ತದೆ. ಮನೆಗೆ 4 ಲಕ್ಷ ಡಾಲರ್ ಪಾಲಿಸಿ, ಡಿಡಕ್ಟಿಬಲ್ ಶೇಕಡಾ 2 ಅಂದರೆ ಮೊದಲ 8,000 ಡಾಲರ್ ನಿಮ್ಮ ಜೇಬಿನಿಂದಲೇ. ಮೇ ತಿಂಗಳಲ್ಲಿ ಫೋನ್ ಹಿಡಿದು ಒಂದೊಂದು ಕೋಣೆ, ಒಂದೊಂದು ಕಪಾಟು ತೆಗೆದು ವಿಡಿಯೋ ಮಾಡಿಟ್ಟುಕೊಳ್ಳಿ.

ಜನರೇಟರ್ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಬಿರುಗಾಳಿಯಿಂದ ಉಳಿದುಕೊಂಡ ಜನ ಆಮೇಲೆ ಅದರ ಹೊಗೆಗೆ ಸಾಯುತ್ತಾರೆ. 2020ರಲ್ಲಿ ಲೂಯಿಸಿಯಾನಾದಲ್ಲಿ ಲಾರಾ ಹರಿಕೇನ್ ಬಂದು ಹೋದ ಮೇಲೆ ಮನೆಯೊಳಗೆ ಮಲಗಿದ್ದವರೇ ಹೀಗೆ ಹೋದರು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಯಾರೇಜ್ ಬಾಗಿಲು ತೆಗೆದಿಟ್ಟರೂ ಗ್ಯಾರೇಜ್ ಒಳಗೆ ಓಡಿಸಬಾರದು. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿ ಕಡೆ ಬರದ ಹಾಗೆ ಇಡಬೇಕು. ಒಳಗೆ ಬ್ಯಾಟರಿಯ ಅಲಾರಂ ಇರಬೇಕು. ನಮ್ಮ ಎದುರು ಮನೆಯ ಹಿರಿಯರು ಲೈನ್‌ಮನ್ ಆಗಿದ್ದವರು. ಜನರೇಟರ್ ವೈರನ್ನು ನೇರವಾಗಿ ಗೋಡೆಯ ಪ್ಲಗ್‌ಗೆ ಚುಚ್ಚುವವರ ಸುದ್ದಿ ಬಂದರೆ ಅವರಿಗೆ ಈಗಲೂ ಕೋಪ ನೆತ್ತಿಗೇರುತ್ತದೆ. ಆ ಕರೆಂಟು ಹಿಂದಕ್ಕೆ ಹರಿದು ಬೀದಿಯ ತಂತಿಗೆ ಹೋಗುತ್ತದೆ, ಕಂಬದ ಮೇಲೆ ನಮಗಾಗಿ ಕೆಲಸ ಮಾಡುತ್ತಿರುವವರ ಜೀವ ಹೋಗುತ್ತದೆ. ಮನೆಯನ್ನು ಬೀದಿಯ ತಂತಿಯಿಂದ ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಿ, ಇಲ್ಲವಾದರೆ ದಪ್ಪ ಎಕ್ಸ್‌ಟೆನ್ಶನ್ ವೈರ್ ಎಳೆದು ಫ್ರಿಜ್ಜನ್ನು ನೇರವಾಗಿ ಅದಕ್ಕೇ ಹಾಕಿ.

ಎಲೆಕ್ಟ್ರಿಕ್ ಕಾರು, ಸ್ಕೂಟರ್ ಇರುವವರು ಉಪ್ಪುನೀರು ಬರುವ ಗ್ಯಾರೇಜಿನಲ್ಲಿ ಅದನ್ನು ಬಿಟ್ಟು ಹೋಗಬೇಡಿ. ಬ್ಯಾಟರಿಗೆ ಉಪ್ಪುನೀರು ಹೊಕ್ಕರೆ ಆಮೇಲೆ ಬೆಂಕಿ ಹೊತ್ತಿಕೊಳ್ಳಬಹುದು. ಹೆಲೀನ್ ಆದಮೇಲೆ ಇಲ್ಲಿ ಹಾಗಾಗಿದೆ.

ಉಳಿದದ್ದೆಲ್ಲ ಸಣ್ಣಪುಟ್ಟದ್ದು. ಕುಡಿಯಲು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕದಲ್ಲಿ ಒಂದು ವಾರದ ನೀರು. ಟಾಯ್ಲೆಟ್‌ಗೆ ಬಾತ್‌ಟಬ್ ತುಂಬಿಸಿ. ಫ್ರೀಜರ್‌ನಲ್ಲಿ ಖಾಲಿ ಜಾಗ ಇದ್ದಲ್ಲೆಲ್ಲ ನೀರಿನ ಬಾಟಲಿ ಇಟ್ಟು ಗಡ್ಡೆ ಕಟ್ಟಿಸಿ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ 48 ಗಂಟೆ ತಡೆಯುತ್ತದೆ, ಫ್ರಿಜ್ಜು ನಾಲ್ಕೇ ಗಂಟೆ. ಈಜುಕೊಳ ಇದ್ದರೆ ಖಾಲಿ ಮಾಡಬೇಡಿ, ನೆಲದೊಳಗಿನ ನೀರು ಅದನ್ನು ಮೇಲಕ್ಕೆತ್ತಿಬಿಡಬಹುದು. ಗಾಳಿ ತಟ್ಟನೆ ನಿಂತು ಆಕಾಶ ತಿಳಿಯಾದರೆ ಹೊರಗೆ ಹೋಗಬೇಡಿ. ಅದು ಕಣ್ಣು ಇರಬಹುದು, ಆಚೆ ಕಡೆಯ ಗಾಳಿ ಎದುರು ದಿಕ್ಕಿನಿಂದ ಬರುತ್ತದೆ.

ಈ ವರ್ಷ ನಮ್ಮ ಮನೆಯಲ್ಲಿ ಬಾಕಿ ಇರುವುದು ಸಾಫಿಟ್ ಕೆಲಸ. ಸೂರಿನ ಅಂಚು ಗೋಡೆಯಿಂದ ಹೊರಗೆ ಚಾಚಿರುತ್ತದಲ್ಲ, ಅದರ ಅಡಿಯ ಪಟ್ಟಿಗಳು. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅವು ಕಿತ್ತುಬಂದರೆ ಗಾಳಿ ಮಳೆಯನ್ನು ಅಡ್ಡಡ್ಡ ಅಟ್ಟದೊಳಕ್ಕೆ ಹೊಡೆಯುತ್ತದೆ. ಸೂರು ಗಟ್ಟಿಯಾಗಿ ನಿಂತಿದ್ದರೂ ಒಳಚಾವಣಿ ನೆಂದು ಕುಸಿಯುತ್ತದೆ. ನಮ್ಮ ಮನೆಯವರು ಏಣಿ ಹತ್ತಿ ಒಂದೊಂದನ್ನೇ ಅಲ್ಲಾಡಿಸಿ ನೋಡಿದ್ದಾರೆ. ಹಿಂಬದಿಯಲ್ಲಿ ಕೆಲವು ಸಡಿಲ ಇವೆ. ತುಕ್ಕು ಹಿಡಿಯದ ಸ್ಕ್ರೂ ಹಾಕಿ, ಅಂಚಿಗೆ ಸೀಲಂಟ್ ಎಳೆಯಬೇಕು. ಸೀಲಂಟ್ ಒಣಗಲು ಬಿಸಿಲು ಬೇಕು, ಜೂನ್ ಬಂದರೆ ಇಲ್ಲಿ ಮಧ್ಯಾಹ್ನವಾದರೆ ಸಾಕು ಗುಡುಗು ಮಳೆ ಶುರು. ಅದಕ್ಕೇ ಏಪ್ರಿಲ್ ಮುಗಿಯುವುದರೊಳಗೆ ಅದನ್ನು ಮುಗಿಸಬೇಕು ಅಂತ ಇದ್ದೇವೆ.