ಸಮರ್‌ಕಂದದಲ್ಲಿ ಸಿಕ್ಕ ಬೀದರಿನ ಮಿನಾರು

ಉಜ್ಬೆಕಿಸ್ತಾನದ ಸಮರ್‌ಕಂದದಲ್ಲಿ ರೆಗಿಸ್ತಾನ ಅನ್ನೋ ಚೌಕದ ಮುಂದೆ ನಿಂತವರೆಲ್ಲ ಬಾಯಿ ಬಿಟ್ಟು ನೋಡುತ್ತಾರಂತೆ. ನನಗೆ ಮಾತ್ರ ಸಿಟ್ಟು ಬಂತು. ಮೂರು ಕಡೆ ಮೂರು ಮದರಸಾ, ನಡುವೆ ದೊಡ್ಡ ಬಯಲು, ಎತ್ತ ನೋಡಿದರೂ ನೀಲಿ. ಆದರೆ ಎಲ್ಲವೂ ಈಗಷ್ಟೇ ತೊಳೆದು ಕವುಚಿಟ್ಟ ಪಾತ್ರೆಯ ಹಾಗೆ ಫಳಫಳ. “ಇದು ನಾನೂರು, ಆರುನೂರು ವರ್ಷ ಹಳೇದು ಅಂದ್ರೆ ನಂಬೋಕಾಗುತ್ತಾ?” ಅಂದೆ. ಗಂಡ ಉತ್ತರ ಕೊಡಲಿಲ್ಲ. ಶೇರ್‌ದೋರ್ ಮದರಸಾದ ಬಾಗಿಲ ಮೇಲೆ ಬೆನ್ನಿಗೆ ಸೂರ್ಯನನ್ನು ಹೊತ್ತ ಹುಲಿಗಳಿವೆಯಲ್ಲ, ಅವುಗಳ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದ.

ನನ್ನ ಸಿಟ್ಟಿಗೆ ಕಾರಣ ಇದೆ. ನನ್ನ ತವರು ಬೀದರ್. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾದ ಅಂಗಳದಲ್ಲಿ ಆಡಿಕೊಂಡು ಬೆಳೆದವಳು ನಾನು. 1472ರ ಕಟ್ಟಡ ಅದು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಅರ್ಧ ಹಾರಿಹೋಯಿತು. ಎರಡು ಮಿನಾರಿನಲ್ಲಿ ಈಗ ಇರುವುದು ಒಂದೇ. ಅದರ ಮೇಲೂ ಟೈಲ್ಸ್ ಉದುರಿ, ಅಲ್ಲಲ್ಲಿ ಒಂದಿಷ್ಟು ನೀಲಿ, ಒಂದಿಷ್ಟು ಹಳದಿ ಉಳಿದಿದೆ. ಹಳೇದು ಅಂದರೆ ಹಾಗಿರಬೇಕು ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಸಮರ್‌ಕಂದಕ್ಕೆ ಬರುವ ಮುಂಚೆ ತಾಷ್ಕೆಂಟಿನಲ್ಲಿ ಎರಡು ದಿನ ಇದ್ದೆವು. ಲಾಲ್ ಬಹದ್ದೂರ್ ಶಾಸ್ತ್ರೀಜಿ 1966ರ ಜನವರಿ 11ರಂದು ತೀರಿಕೊಂಡ ಊರು. ಅವರ ಹೆಸರಿನ ಬೀದಿಯಿದೆ, ಪ್ರತಿಮೆಯೂ ಇದೆ. ಕೈ ಮುಗಿದು ರೈಲು ಹತ್ತಿದೆವು, ಅಷ್ಟೇ.

ಭಾಷೆ ನಮ್ಮನ್ನು ಕೈ ಬಿಡಲಿಲ್ಲ. ಹೆಬ್ಬಾಗಿಲಿಗೆ ದರ್ವೋಜಾ, ಗೋಡೆಗೆ ದೇವೋರ್, ಪುಸ್ತಕಕ್ಕೆ ಕಿತೋಬ್, ರೋಗಿಗೆ ಬೇಮೋರ್. ಬೀದರಿನವರಿಗೆ ಇದೆಲ್ಲ ಮನೆ ಮಾತೇ ಅಲ್ವಾ? ಆ ಧೈರ್ಯದಲ್ಲೇ ಹೋಟೆಲಿನಲ್ಲಿ ತರಕಾರಿಗೆ “ಸಬ್ಜಿ, ಸಬ್ಜಿ” ಅಂದೆ. ತಟ್ಟೆ ತುಂಬಾ ಕ್ಯಾರೆಟ್ ಬಂತು. ಉಜ್ಬೆಕ್‌ನಲ್ಲಿ ಸಬ್ಜಿ ಅಂದರೆ ಕ್ಯಾರೆಟ್! ಮಾಂಸ ತಿನ್ನದವರು ಕಲಿಯಬೇಕಾದ ಪದ ‘ಗೋಶ್ತ್‌ಸಿಜ್’, ಅಂದರೆ ಮಾಂಸ ಇಲ್ಲದ್ದು. ನಮಗೆ ಇದು ಗೊತ್ತಾಗಿದ್ದು ಕ್ಯಾರೆಟ್ ಎಲ್ಲ ತಿಂದು ಮುಗಿಸಿದ ಮೇಲೆ.

ಮಾರನೇ ದಿನ ಉಲುಗ್ ಬೇಗ್ ಮದರಸಾದ ಒಳಗೆ ಹೋದೆವು. ರೆಗಿಸ್ತಾನದ ಮೂರರಲ್ಲಿ ಎಲ್ಲಕ್ಕಿಂತ ಹಳೆಯದು ಇದೇ, 1420ರಲ್ಲಿ ಮುಗಿದದ್ದು. ಉಲುಗ್ ಬೇಗ್ ತೈಮೂರನ ಮೊಮ್ಮಗ. ರಾಜನಾಗಿದ್ದರೂ ಮನಸ್ಸೆಲ್ಲ ಆಕಾಶದಲ್ಲಿ, ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿಸಿದವನು. ಬಾಗಿಲ ಕಮಾನಿನ ಮೇಲೂ ಬರೀ ನಕ್ಷತ್ರಗಳೇ. ಹುಡುಗರು ಓದುತ್ತಿದ್ದ ಕೋಣೆಗಳಲ್ಲಿ ಈಗ ಅಂಗಡಿಗಳು. ಒಂದರಲ್ಲಿ ಒಬ್ಬ ಮುದುಕ ಕೂತು ಟೈಲ್ಸ್ ಮಾರುತ್ತಿದ್ದ. ಪಕ್ಕದಲ್ಲಿ ಇಂಗ್ಲಿಷ್ ಬರುವ ಮೊಮ್ಮಗಳು.

ಸುಮ್ನೆ ಫೋನಿನಲ್ಲಿ ಬೀದರಿನ ಮಿನಾರು ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡ. ಚಿತ್ರ ಹಿಗ್ಗಿಸಿದ. ಅಂಕುಡೊಂಕು ಪಟ್ಟಿಗಳ ಮೇಲೆ ಬೆರಳು ಓಡಿಸಿದ.

“ಇದು ನಮ್ಮದು,” ಅಂದ.

“ಅಲ್ಲ, ನಮ್ಮದು,” ಅಂದೆ.

ಮೊಮ್ಮಗಳು ನಕ್ಕಳು. ಅವನು ನಗಲಿಲ್ಲ. “ಇನ್ನೊಂದು ಎಲ್ಲಿ?”

ಮದ್ದಿನ ಕಥೆ ಹೇಳಿದೆ. ಎಷ್ಟು ವರ್ಷವಾಯಿತು ಅಂತ ಕೇಳಿದ. ಮುನ್ನೂರು ದಾಟಿದೆ ಅಂದೆ.

“ಮುನ್ನೂರು ವರ್ಷದಿಂದ ಹಾಗೇ ಬಿಟ್ಟಿದ್ದೀರಾ? ಕೆಲಸಗಾರರು ಇಲ್ವಾ?”

ಬಿದ್ದದ್ದನ್ನು ಬಿದ್ದ ಹಾಗೆ ಕಾಪಾಡುವುದೇ ಒಳ್ಳೆಯದು, ಹೊಸದು ಅಂಟಿಸಿದರೆ ಅದು ಸುಳ್ಳಾಗುತ್ತದೆ ಅಂತ ದೊಡ್ಡ ಭಾಷಣ ಬಿಗಿದೆ. ಮೊಮ್ಮಗಳು ಅದನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದಳು. ಅವನು ಅಂಗಡಿಯ ಹೊಸ್ತಿಲಿಗೆ ಬಂದು ಒಂದು ಮಿನಾರಿನ ಕಡೆ ಕೈ ತೋರಿಸಿದ. ಅದು ವಾಲಿತ್ತಂತೆ. 1932ರಲ್ಲಿ ನೆಟ್ಟಗೆ ನಿಲ್ಲಿಸಿದರಂತೆ. “ಬಿಟ್ಟಿದ್ದರೆ ಇದೂ ನಿಮ್ಮೂರಿನದರ ಹಾಗೆ ಆಗುತ್ತಿತ್ತು.” ಆಮೇಲೆ ಬಾಯಿ ಅಗಲಿಸಿ ತನ್ನ ಚಿನ್ನದ ಹಲ್ಲುಗಳ ಸಾಲು ತೋರಿಸಿದ. “ಇವೂ ಸುಳ್ಳೇ. ಊಟ ಮಾಡ್ತೀನಲ್ಲ!”

ಗಂಡ ಜೋರಾಗಿ ನಕ್ಕ. ನನಗೆ ಆಗ ಏನೂ ತೋಚಲಿಲ್ಲ. ಅವನ ಹತ್ತಿರವೇ ಅಂಗೈ ಅಗಲದ ಒಂದು ಟೈಲ್ ಕೊಂಡೆ. ನೀಲಿ ಮೇಲೆ ಹಳದಿ ನಕ್ಷತ್ರ. ಸಂಜೆ ಬಯಲಿನ ಮೆಟ್ಟಿಲ ಮೇಲೆ ಕೂತಾಗ ಉಲುಗ್ ಬೇಗ್ ನೆನಪಾದ. 1449ರಲ್ಲಿ ಅವನನ್ನು ಕೊಲ್ಲಿಸಿದ್ದು ಸ್ವಂತ ಮಗ. ಖೊಟ್ಟಿ ಪತ್ರ ನಂಬಿ ಗವಾನನ ತಲೆ ತೆಗೆಸಿದ್ದು 1481ರಲ್ಲಿ, ಅವನದೇ ಸುಲ್ತಾನ. ಮದರಸಾ ಕಟ್ಟಿಸಿದ ಇಬ್ಬರಿಗೂ ಇದೇ ಗತಿ. ದೀಪ ಹತ್ತಿದವು. ಬಣ್ಣಬಣ್ಣದ ಆ ದೀಪಗಳು ಮಾತ್ರ ನನಗೆ ಈಗಲೂ ಇಷ್ಟವಿಲ್ಲ, ಮದುವೆ ಮಂಟಪದ ಹಾಗೆ ಕಾಣುತ್ತದೆ.

ಬುಖಾರಾದಲ್ಲಿ ಮೂರು ದಿನ. ಹಿಂದೆ ಅಲ್ಲಿ ಆಳಿದ ಸಾಮಾನಿ ದೊರೆಗಳ ಗೋರಿ ನೋಡಿ ಸಮಾಧಾನವಾಯಿತು. ಬರೀ ಇಟ್ಟಿಗೆ, ಬಣ್ಣದ ಸುಳಿವೇ ಇಲ್ಲ. ಚಾಪೆ ಹೆಣೆದ ಹಾಗೆ ಇಟ್ಟಿಗೆ ಹೆಣೆದಿದ್ದಾರೆ. ಇಡೀ ಪ್ರವಾಸದಲ್ಲಿ ಒಂದೇ ಕಟ್ಟಡ ಆರಿಸು ಅಂದರೆ ನಾನು ಆರಿಸುವುದು ಇದನ್ನೇ.

ಖೀವಾಕ್ಕೆ ಹೊರಟಿದ್ದು ಶೇರ್ ಟ್ಯಾಕ್ಸಿಯಲ್ಲಿ. ಕಿಜಿಲ್‌ಕುಮ್ ಮರಳುಗಾಡು ದಾಟಿ ನಾನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ದೆವು. ಡ್ರೈವರ್ ಉರ್ಗೆಂಚ್‌ನಲ್ಲೇ ಗಾಡಿ ನಿಲ್ಲಿಸಿ “ಖೀವಾ!” ಅಂದ. ಅಲ್ಲಿಂದ ಖೀವಾಕ್ಕೆ ಇನ್ನೂ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್. ನಾವು ಜಗಳ ತೆಗೆಯುವಷ್ಟರಲ್ಲಿ ಡಿಕ್ಕಿಯಿಂದ ಬ್ಯಾಗುಗಳನ್ನು ಎತ್ತಿ ಫುಟ್‌ಪಾತಿಗೆ ಒಗೆದು ಹೊರಟೇ ಹೋದ. ನೀವು ಹೋದರೆ ಹತ್ತುವ ಮುಂಚೆಯೇ ‘ಇಚಾನ್ ಕಲಾ’ ಅಂತ ಕೋಟೆಯ ಹೆಸರು ಹಿಡಿದು ಹೇಳಿ. ಅರ್ಧ ದುಡ್ಡು ಕೈಯಲ್ಲಿಟ್ಟುಕೊಳ್ಳಿ. ಬ್ಯಾಗ್ ನೀವೇ ಇಳಿಸಿಕೊಳ್ಳಿ.

ಖೀವಾದ ರೂಮಿನಲ್ಲಿ ಬ್ಯಾಗ್ ಬಿಚ್ಚಿದರೆ ಟೈಲ್ ಎರಡು ಹೋಳಾಗಿತ್ತು, ಸರಿಯಾಗಿ ನಕ್ಷತ್ರದ ನಡುವೆ. ಈಗ ಮನೆಯ ಶೆಲ್ಫಿನ ಮೇಲಿದೆ. ಗಂಡ ಫೆವಿಕ್ವಿಕ್ ತಂದು ಪಕ್ಕದಲ್ಲೇ ಇಟ್ಟಿದ್ದಾನೆ. ತಿಂಗಳಾಯಿತು, ನಾನಿನ್ನೂ ಹೂಂ ಅಂದಿಲ್ಲ.